ಕಿವಿ ಕೊಯ್ದ ಗುರುತು

ಚಿಕ್ಕರಾಜುವಿಗೆ ಹೆಂಡತಿಯ ಮೇಲೆ ಮೊದಲ ಅನುಮಾನ ಹುಟ್ಟಿದ್ದು ಶಿರಾ ಸಂತೆಯಲ್ಲಿ, ಒಂದು ಕುರಿಯ ಕಿವಿ ನೋಡಿ.

ಎಡಗಿವಿಯ ತುದಿಯಲ್ಲಿ ಹುಣಸೆಬೀಜದಷ್ಟು ಚೂರು ಇರಲಿಲ್ಲ. ಅದು ಅವನ ಮನೆತನದ ಗುರುತು. ಮರಿ ಹುಟ್ಟಿ, ಕಾಲೂರಿ ನಿಂತು, ತಾಯ ಕೆಚ್ಚಲು ಹುಡುಕಿಕೊಂಡ ಮೇಲೆ ಕಿವಿಯಿಂದ ಅಷ್ಟನ್ನು ಕೊಯ್ದು ಬೂದಿ ಮೆತ್ತಿಬಿಟ್ಟರೆ ಮುಗಿಯಿತು. ಆಮೇಲೆ ಅದು ಬುಕ್ಕಾಪಟ್ಟಣದ ಕಾಡಿನಲ್ಲಿ ತಪ್ಪಲಿ, ಪಾವಗಡ ದಾಟಿ ಆಂಧ್ರಕ್ಕೇ ಹೋಗಲಿ, ಅವನದೇ. ಮೈಗೆ ಬಳಿದ ಬಣ್ಣ ಮಳೆಗೆ ತೊಳೆದುಹೋದೀತು, ಕೊರಳ ಹಗ್ಗವನ್ನು ಕಳ್ಳ ಬಿಚ್ಚಿ ಎಸೆದಾನು. ಇಲ್ಲದ ಚೂರನ್ನು ತಂದು ಅಂಟಿಸುವ ಕಳ್ಳ ಇನ್ನೂ ಹುಟ್ಟಿರಲಿಲ್ಲ. ಹಿಂದೊಮ್ಮೆ ಮಿಡಿಗೇಶಿ ಕಡೆಯವರ ಮಂದೆಗೆ ಸೇರಿಹೋಗಿದ್ದ ಟಗರನ್ನು ಅವನು ಹೀಗೇ ಬಿಡಿಸಿಕೊಂಡು ಬಂದಿದ್ದ. "ಬಣ್ಣ ಯಾಕೆ ನೋಡ್ತೀರಾ? ಕಿವೀಲಿ ಏನಿಲ್ಲ ಅಂತ ನೋಡ್ರಪ್ಪಾ" ಎಂದು ಪಂಚಾಯ್ತಿಯಲ್ಲಿ ಎದೆಯುಬ್ಬಿಸಿ ನಿಂತಿದ್ದ.

ಸಂತೆಯಲ್ಲಿ ಕಂಡ ಕುರಿ ಅವನ ಹೆಂಡತಿ ಗಂಗಾಲಕ್ಷ್ಮಿಯದು. ಮದುವೆಯಲ್ಲಿ ಅವಳ ತವರಿನವರು ಬಳುವಳಿ ಕೊಟ್ಟ ಕುರಿಗಳ ಸಂತತಿ. ತೋಳ ಹೊತ್ತುಕೊಂಡು ಹೋಯಿತು ಎಂದು ಅವಳು ಹೇಳಿದ್ದಳು.

"ಬಾಷಾ ಸಾಬಿ, ಇದೆಲ್ಲೀದು?" ಎಂದು ವ್ಯಾಪಾರಿಯನ್ನು ಕೇಳಿದ.

"ಅರೇ ರಾಜಣ್ಣ, ನಿಮ್ಮ ಕಡೇದೇ ಮಾಲು. ಗೋಪಾಲ ತಂದ್ಕೊಟ್ಟ. ಯಾಕೆ, ಖರಾಬ್ ಐತಾ?"

"ಇಲ್ಲಪ್ಪ. ಚೆನ್ನಾಗೈತೆ."

ಗೋಪಾಲ ಎಂದರೆ ಗಂಗಾಲಕ್ಷ್ಮಿಯ ಸೋದರತ್ತೆಯ ಮಗ. ಪಕ್ಕದ ಹಟ್ಟಿಯವನು, ಲಗೇಜ್ ಆಟೋದಲ್ಲಿ ಕುರಿ ತುಂಬಿಕೊಂಡು ಶಿರಾ, ತುಮಕೂರು ಅಂತ ಓಡಾಡುವವನು. ಒಂದು ಕಾಲಕ್ಕೆ ಅವಳನ್ನು ತನಗೇ ಕೊಡಿ ಎಂದು ಕೇಳಿದ್ದವನು. ಬೇರೆ ಗಂಡಸಾಗಿದ್ದರೆ ಆ ಸಂಜೆಯೇ ಮನೆಯಲ್ಲಿ ಪಾತ್ರೆಗಳು ಹಾರಾಡುತ್ತಿದ್ದವು. ಚಿಕ್ಕರಾಜು ಮನೆಗೆ ಬಂದು, ಕೈ ತೊಳೆದು, ಮುದ್ದೆ ಉಂಡು, ಹುರುಳಿ ಸಾರು ಚೆನ್ನಾಗಿದೆ ಎಂದ. ಅವನ ಶಕ್ತಿ ಇದ್ದದ್ದೇ ಅಲ್ಲಿ. ಮಂದೆಯ ಮುಂದೆ ಕಂಬಳಿ ಹೊದ್ದು ಕೂತವನಿಗೆ ಕಾಯುವುದನ್ನು ಯಾರೂ ಕಲಿಸಬೇಕಿಲ್ಲ.

ಮದುವೆಯಾಗಿ ಒಂಬತ್ತು ವರ್ಷ, ಮನೆಯಲ್ಲಿ ತೊಟ್ಟಿಲು ತೂಗಿರಲಿಲ್ಲ. ಅವನ ತಾಯಿ ಕೆಂಪಕ್ಕ ಸೊಸೆಯನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟಿದ್ದಳು. "ಲೇ ಗೊಡ್ಡು, ನೀರು ತತ್ತಾರೇ" ಎನ್ನುತ್ತಿದ್ದಳು, ಬಂದ ನೆಂಟರೆದುರೇ. ಗಂಗಾಲಕ್ಷ್ಮಿ ನೀರು ತಂದುಕೊಡುತ್ತಿದ್ದಳು. ಆ ಮಾತು ಸುಳ್ಳು ಎಂದು ಚಿಕ್ಕರಾಜುವಿಗೆ ಹಿಂದಿನ ವರ್ಷವೇ ತಿಳಿದಿತ್ತು, ಅವಳಿಗೂ ತಿಳಿದಿತ್ತು. ಇಬ್ಬರೂ ಸುಮ್ಮನಿದ್ದರು. ಅವಳು ಸುಮ್ಮನಿದ್ದದ್ದು ಅವನ ಮಾನಕ್ಕಾಗಿ. ಅವನು ಸುಮ್ಮನಿದ್ದದ್ದೂ ಅದಕ್ಕೇ.

ತುಮಕೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಶ್ರೀಲತಾ ಅವನ ರಕ್ತ ತೆಗೆಸಿ, ವಾರ ಕಳೆದ ಮೇಲೆ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ್ದರು. "ನಿಮ್ಮ ಹೆಂಡತಿಗೇನೂ ತೊಂದರೆ ಇಲ್ಲ. ಗಂಡಸರಲ್ಲಿ ಮಾತ್ರ ಇರೋ ಒಂದು ವರ್ಣತಂತು ಇದೆ, ವೈ ಅಂತೀವಿ. ಅಪ್ಪನಿಂದ ಮಗನಿಗೆ ಬರೋದು ಅದು. ನಿಮ್ಮದರಲ್ಲಿ ಒಂದು ಚೂರು ಇಲ್ಲ. ಹಾಗಾಗಿ ವೀರ್ಯದಲ್ಲಿ ಜೀವಾಣು ಕಾಣ್ತಿಲ್ಲ. ಇದು ಯಾರ ತಪ್ಪೂ ಅಲ್ಲ, ಹುಟ್ಟುತ್ತಲೇ ಹೀಗೆ. ಒಂದ್ಸಲ ಬೀಜಕ್ಕೆ ಸೂಜಿ ಹಾಕಿ ಒಳಗೇ ಹುಡುಕಬಹುದು. ಸಿಗದೇನೂ ಇರಬಹುದು."

ಚಿಕ್ಕರಾಜು ಗೋಡೆ ನೋಡುತ್ತಿದ್ದ. ಸುತ್ತಲ ಹಟ್ಟಿಗಳಲ್ಲಿ ಟಗರಿನ ಬೀಜ ಒಡೆಯಬೇಕೆಂದರೆ ಅವನನ್ನೇ ಕರೆಯುತ್ತಿದ್ದರು. ಅಷ್ಟು ಚೊಕ್ಕ ಕೈ. ಒಡೆದ ಮೇಲೆ ಟಗರು ಎದ್ದು ನಿಂತು ಏನೂ ಆಗಿಲ್ಲವೆಂಬಂತೆ ಮೇಯಲು ಹೋಗುವುದನ್ನು ನೋಡಿ ನಗುವುದು ಅವನ ಅಭ್ಯಾಸವಾಗಿತ್ತು.

ಸೂಜಿಗೆ ಒಪ್ಪಿದ. ಕೊಟ್ಟ ಕಾಗದಕ್ಕೆಲ್ಲ ಸಹಿ ಹಾಕಿದ. ಆ ದಿನ ಎಲ್ಲ ಮುಗಿದು, ಮೈ ಜೋಮು ಇಳಿದು ಎದ್ದು ಕೂರುವಾಗ, ಪಾವಗಡದ ಕಡೆಯವನಾದ ವಾರ್ಡಿನ ಆಳೊಬ್ಬ, "ಏಮಣ್ಣಾ, ಬೀಜ ಒಡೆದ ಟಗರಂಗೆ ಕಾಲಗಲಿಸ್ಕೊಂಡು ಕೂತೀಯ!" ಎಂದು ಹಲ್ಲು ಕಿರಿದ. ಚಿಕ್ಕರಾಜು ಪಂಚೆ ಬಿಗಿದವನೇ ಹೊರಟ. ಗಂಗಾಲಕ್ಷ್ಮಿ ಹಿಂದಿನಿಂದ, "ಇರು, ಡಾಕ್ಟ್ರಮ್ಮ ಬತ್ತಾರಂತೆ" ಎಂದದ್ದು ಕೇಳಿಸಿತು. ತಿರುಗಲಿಲ್ಲ. ಬಂದು ಹೇಳುವುದೇನೆಂದು ಅವನಿಗೆ ಗೊತ್ತಿತ್ತು.

ಬಸ್‌ಸ್ಟ್ಯಾಂಡಿನಲ್ಲಿ ಎರಡು ಟೀ ಕುಡಿಯುವಷ್ಟು ಹೊತ್ತು ಕಾದ ಮೇಲೆ ಅವಳು ಬಂದಳು. ಅತ್ತು ಕೆಂಪಾದ ಕಣ್ಣು, ಆದರೆ ತುಟಿಯಂಚಿನಲ್ಲಿ ನಗುವಿನಂಥದ್ದೇನೋ. "ನೋಡು, ಡಾಕ್ಟ್ರಮ್ಮ ಏನಂದ್ರು ಅಂದ್ರೆ..." ಎಂದು ಶುರು ಮಾಡಿದಳು.

"ಬಾಯಿ ಮುಚ್ಚೇ" ಎಂದ. ಬಸ್‌ಸ್ಟ್ಯಾಂಡಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆ ನಗುವನ್ನು ಅವನು ಯಾವತ್ತೂ ಮರೆಯಲಿಲ್ಲ. ಹಟ್ಟಿಗೆ ಬಂದವನೇ ಮನೆದೇವರು ಜುಂಜಪ್ಪನ ಗುಡಿಯ ಭಂಡಾರದ ಅರಿಶಿನದ ಮೇಲೆ ಅವಳ ಕೈ ಇಡಿಸಿದ. ಆಸ್ಪತ್ರೆಯ ಮಾತು ಇನ್ನೊಮ್ಮೆ ತನ್ನ ಕಿವಿಗೆ ಬೀಳಬಾರದು. ಬಿದ್ದರೆ ತಾನು ಹೊಂಗೆಮರಕ್ಕೆ ನೇಣು ಹಾಕಿಕೊಳ್ಳುವುದು ಖಂಡಿತ. ಅವಳು ಆಣೆ ಮಾಡಿದಳು. ಚೂರಿಲ್ಲವೆಂದು ಹೇಳುವ ಕಾಗದವನ್ನು ಅವನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ದೊಡ್ಡಿಯ ಸೂರಿನಲ್ಲಿ ಸಿಕ್ಕಿಸಿದ. ಯಾಕೆ ಹರಿದುಹಾಕಲಿಲ್ಲವೋ ಆಗ ಅವನಿಗೇ ತಿಳಿದಿರಲಿಲ್ಲ. ಈಗ ತಿಳಿದಿತ್ತು.

ಹಟ್ಟಿಯ ಹೊರಗೆ, ಕಳ್ಳಿಬೇಲಿಯ ಆಚೆ ಒಂದು ಕೋಣೆಯಿದೆ. ಮುಟ್ಟಾದ ಹೆಂಗಸರು ಮೂರು ದಿನ ಅಲ್ಲಿರಬೇಕು. ಮೊದಲು ಸೋಗೆಯ ಗುಡಿಸಲಿತ್ತು, ಈಗ ತಾರಸಿ ಹಾಕಿದ್ದಾರೆ, ಬದಲಾದದ್ದು ಅಷ್ಟೇ. ಬೇಲಿ ದಾಟಿ ಅತ್ತ ಕಾಲಿಟ್ಟ ಗಂಡಸಿಗೆ ಹೊತ್ತು ಮುಳುಗುವುದರೊಳಗೆ ಕಣ್ಣು ಹೋಗುತ್ತದೆಂದು ಅಜ್ಜಿಯರು ಹೇಳುವ ಕತೆ ಕೇಳಿಯೇ ಹಟ್ಟಿಯ ಗಂಡುಮಕ್ಕಳು ಬೆಳೆಯುವುದು. ಕತೆಯಲ್ಲಿ ಒಬ್ಬ ಗೌಡ ದಾಟಿ, ಕುರುಡಾಗಿ, ತನ್ನ ಕುರಿಗಳನ್ನೇ ತೋಳವೆಂದು ಹೊಡೆದು ಕೊಂದದ್ದೂ ಇದೆ. ಆ ಮೂರು ದಿನ ಹೆಂಗಸು ಎಲ್ಲಿದ್ದಾಳೆಂದು ಗಂಡನಾದವನು ಕೇಳುವುದಿಲ್ಲ, ನೋಡುವುದೂ ಇಲ್ಲ.

ಚಿಕ್ಕರಾಜು ನೋಡತೊಡಗಿದ. ಸಂತೆಯಿಂದ ಬಂದ ಮೇಲೆ ಮಂದೆಯನ್ನು ಗುಡ್ಡದ ಓರೆಗೆ ಹೊಡೆದುಕೊಂಡು ಹೋಗಿ, ಅಲ್ಲಿಂದ ಕೋಣೆಯ ಬಾಗಿಲ ಮೇಲೆ ಕಣ್ಣಿಟ್ಟ. ಅವಳು ಹೊರಗಾದ ಮೂರನೆಯ ದಿನ, ಬಿಸಿಲು ನೆತ್ತಿಗೆ ಬರುವ ಹೊತ್ತಿಗೆ, ಹುಣಸೆಮರದ ಹತ್ತಿರ ಗೋಪಾಲನ ಆಟೋ ನಿಂತಿತು. ಸೆರಗು ತಲೆಗೆ ಹೊದ್ದುಕೊಂಡು ಗಂಗಾಲಕ್ಷ್ಮಿ ಹತ್ತಿದಳು. ಸಂಜೆಗೆ ವಾಪಸು ಬಂದಿಳಿದಳು. ಮುಂದಿನ ತಿಂಗಳೂ ಹಾಗೇ.

ಆಮೇಲೊಂದು ದಿನ ಬುಕ್ಕಾಪಟ್ಟಣದಲ್ಲಿ ಬಸ್ಸು ಹತ್ತುವಾಗ, ಜನ ಒಬ್ಬರ ಮೇಲೊಬ್ಬರು ನುಗ್ಗುತ್ತಿದ್ದರೆ, ಗಂಗಾಲಕ್ಷ್ಮಿ ಪಕ್ಕಕ್ಕೆ ಸರಿದು, ಎಲ್ಲರೂ ಹತ್ತಲಿ ಎಂದು ನಿಂತಳು. ಒಂದು ಕೈ ಹೊಟ್ಟೆಯ ಮೇಲಿತ್ತು. ಚಿಕ್ಕರಾಜು ನೋಡಿದ. ದೊಡ್ಡಿಯ ಬಾಗಿಲಲ್ಲಿ ಗಬ್ಬದ ಕುರಿ ಹೀಗೇ ನಿಲ್ಲುತ್ತದೆ. ಮುಟ್ಟದೆ, ಎತ್ತದೆ, ನಿಂತ ಭಂಗಿಯಿಂದಲೇ ಗಬ್ಬದ ಕುರಿಯನ್ನು ಹೇಳುವುದರಲ್ಲಿ ಅವನು ಒಮ್ಮೆಯೂ ತಪ್ಪಿರಲಿಲ್ಲ. ಈಗಲೂ ತಪ್ಪಿರಲಿಲ್ಲ.

ಅದೇ ವಾರ ಅವಳು ಚಾಪೆ, ತಟ್ಟೆ ಎತ್ತಿಕೊಂಡು, "ಹೊರಗಾದೆ ಅತ್ತೆ" ಎಂದು ಕೋಣೆಗೆ ಹೋದಳು.

ಬಸಿರಾದವಳು ಮುಟ್ಟಾದೆ ಎನ್ನುತ್ತಿದ್ದಾಳೆ. ಇನ್ನೇನು ಬೇಕಿತ್ತು? ಜೀವಾಣುವೇ ಇಲ್ಲದ ಗಂಡ, ಹೊಟ್ಟೆಯಲ್ಲೊಂದು ಜೀವ, ಮೂರನೆಯ ದಿನದ ಆಟೋ, ಗೋಪಾಲನ ಕೈಗೆ ಸೇರುತ್ತಿರುವ ಬಳುವಳಿ ಕುರಿಗಳು. ಚಿಕ್ಕರಾಜು ಮಂದೆ ಎಣಿಸುವ ಹಾಗೆ ಒಂದೊಂದನ್ನೂ ಬೆರಳು ಮಡಿಚಿ ಎಣಿಸಿದ. ಲೆಕ್ಕ ಸರಿಹೋಯಿತು.

ಕೊಲ್ಲಬೇಕೆಂಬುದು ತೀರ್ಮಾನವಾಗಿ ಬರಲಿಲ್ಲ, ಮೊದಲಿನಿಂದಲೂ ಅಲ್ಲೇ ಕೂತಿದ್ದಂತೆ ಕಂಡಿತು. ಅವನು ಯೋಚಿಸಿದ್ದೆಲ್ಲ ಹೇಗೆ ಎಂಬುದನ್ನು. ಅವಳೊಬ್ಬಳನ್ನು ಕೊಂದರೆ ಅರ್ಧ ಕೆಲಸ. ಅವಳು ಸಾಯಬೇಕು, ಅದಕ್ಕೆ ಗೋಪಾಲ ಜೈಲಿಗೆ ಹೋಗಬೇಕು. ಮುಚ್ಚಿಡುವವನು ಸಿಕ್ಕಿಬೀಳುತ್ತಾನೆ, ತಾನು ಏನನ್ನೂ ಮುಚ್ಚಿಡಬಾರದು. ಪೊಲೀಸರು ಬರಲಿ. ಹೆಣ ಕೊಯ್ಯಲಿ. ಹೊಟ್ಟೆಯಲ್ಲಿದ್ದದ್ದು ಹೊರಗೆ ಬರಲಿ. ಆಗ ಸೂರಿನ ಕಾಗದವನ್ನು ತಾನೇ ತೆಗೆದುಕೊಂಡು ಹೋಗಿ ಕೊಡುವುದು. ಯಾವ ಗಂಡಸು ತನ್ನ ಗಂಡಸುತನದ ಮೇಲಿನ ಕಲೆಯನ್ನು ತಾನೇ ಪೊಲೀಸರ ಮೇಜಿನ ಮೇಲಿಡುತ್ತಾನೆ? ಅವಮಾನವನ್ನು ನುಂಗಿ ಸತ್ಯ ಹೇಳಿದವನನ್ನು ಯಾರು ಅನುಮಾನಿಸುತ್ತಾರೆ? ಆಮೇಲೆ ಡಿಎನ್‌ಎ ಅಂತ ಒಂದಿದೆಯಲ್ಲ, ಟಿವಿಯಲ್ಲಿ ದಿನಾ ಹೇಳುತ್ತಾರೆ, ಅದು ಗೋಪಾಲನ ಕತ್ತಿಗೆ ಉರುಳು ಹಾಕುತ್ತದೆ. ಹೊಟ್ಟೆ ಮುಂದೆ ಬಂದರೆ ಮಾನ ಹೋಗುತ್ತದೆಂದು ಹೆದರಿ ಕೊಂದ ಮಿಂಡ. ನ್ಯಾಯಾಧೀಶರು ಎರಡನೇ ಸಲ ಯೋಚಿಸುವ ಹಾಗಿಲ್ಲ.

ಸಂತೆಯ ದಿನ ಗೋಪಾಲನ ಆಟೋದ ಹಿಂದೆ ನಿಂತು ಮಾತಾಡುತ್ತಲೇ ಕುರಿ ಕಟ್ಟುವ ಹಳದಿ ನೈಲಾನ್ ಹಗ್ಗದ ತುಂಡೊಂದನ್ನು ಕಂಬಳಿಯೊಳಗೆ ಸೇರಿಸಿದ. "ಏನ್ ಬಾವಾ, ಈಚೀಚೆಗೆ ನಗ್ತಾನೇ ಇರ್ತೀಯ, ನಿಧಿ ಸಿಕ್ತಾ?" ಎಂದು ಗೋಪಾಲ ಕೀಟಲೆ ಮಾಡಿದ.

"ಸಿಗಂಗೈತೆ ಕಣ್ಲಾ" ಎಂದ ಚಿಕ್ಕರಾಜು.

ಮುಂದಿನ ಸಲ ಅವಳು ಹೊರಗಾದೆ ಎಂದಾಗ ಕೋಣೆಯಲ್ಲಿ ಅವಳೊಬ್ಬಳೇ. ಮೂರನೆಯ ದಿನ ಅವನು ಮಂದೆಯನ್ನು ಹಳ್ಳದ ಮೇಲಿನ ಜಾಲಿಮರಗಳಿಗೆ ಹೊಡೆದುಕೊಂಡು ಹೋದ. ಬಿಸಿಲೇರಿದಾಗ ಕುರಿಗಳು ತಲೆ ತಲೆ ಸೇರಿಸಿ ಮಲಗಿದವು. ಮುಂದಾಳು ಟಗರಿನ ಕೊರಳ ಗಂಟೆ ಮೆಲುಕಿಗೊಮ್ಮೆ ಟಿಣ್ ಎನ್ನುತ್ತಿತ್ತು. ದೊಣ್ಣೆಯನ್ನು ಕಲ್ಲಿನ ಸಂದಿಗೆ ನೆಟ್ಟು, ಮೇಲೆ ಕಂಬಳಿ ಕೊಪ್ಪೆ ಹಾಕಿ, ಕೆಳಗೆ ಮೆಟ್ಟುಗಳನ್ನಿಟ್ಟ. ದಾರಿಯಿಂದ ನೋಡಿದವರಿಗೆ ಮೊಣಕಾಲ ಮೇಲೆ ತಲೆಯಿಟ್ಟು ತೂಕಡಿಸುವ ಚಿಕ್ಕರಾಜುವೇ. ಚಿಂಕಾರ ಜಿಂಕೆ ಕಾಯುವ ಅರಣ್ಯದ ವಾಚರ್ ಕದರಪ್ಪ ದಿನಾ ಆ ಹೊತ್ತಿಗೆ ಆಚೆ ದಡದಲ್ಲಿ ಸೈಕಲ್ ತಳ್ಳಿಕೊಂಡು ಹೋಗುತ್ತಾನೆ. ಅವನ ಕಣ್ಣು ಸಾಕ್ಷಿಗೆ ಸಾಕು.

ಬರಿಗಾಲಲ್ಲಿ ಹಳ್ಳದ ಮರಳು ಹಿಡಿದು ಬಂದು ಕಳ್ಳಿಬೇಲಿ ದಾಟಿದ.

ಗಂಗಾಲಕ್ಷ್ಮಿ ಹೊರಡಲು ಸಿದ್ಧವಾಗಿ, ತಲೆ ಬಾಚಿಕೊಂಡು, ಗೋಡೆಗೊರಗಿ ಕೂತಿದ್ದಳು. ಬಾಗಿಲಲ್ಲಿ ಗಂಡಸಿನ ನೆರಳು ಕಂಡು ಬೆಚ್ಚಿದವಳು ಅವನ ಮುಖ ನೋಡಿ ಕೂಗಲಿಲ್ಲ. ಕಣ್ಣು ಅಗಲವಾದವು, ಆಮೇಲೆ, ಬಸ್‌ಸ್ಟ್ಯಾಂಡಿನಲ್ಲಿ ನಕ್ಕಿದ್ದಳಲ್ಲ, ಹಾಗೇ ನಕ್ಕಳು.

"ಬೇಲಿ ದಾಟ್ಕಂಡು ಬಂದ್ಬುಟ್ಯಾ! ಯಾರಂದ್ರು ನಿಂಗೆ? ನಾನೇ ಹೇಳಾಣ ಅಂತಿದ್ದೆ ಕಣೋ, ಹೆಂಗೆ ಹೇಳಾದು ಅಂತ..."

ತಪ್ಪೊಪ್ಪಿಗೆಯನ್ನು ಪೂರ್ತಿ ಕೇಳುವ ತಾಳ್ಮೆ ಅವನಿಗಿರಲಿಲ್ಲ. ಹಳದಿ ಹಗ್ಗ ಅವನ ಕೈಯಲ್ಲಿ ಎಂದಿನಂತೆ ಚೊಕ್ಕವಾಗಿ ಕೆಲಸ ಮಾಡಿತು. ಕೊನೆಯವರೆಗೂ ಅವಳು ಹಗ್ಗ ಹಿಡಿಯಲಿಲ್ಲ, ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡಿದ್ದಳು. ಎಷ್ಟು ಪ್ರೀತಿ ಆ ಗೋಪಾಲನ ಪಿಂಡದ ಮೇಲೆ, ಎಂದುಕೊಂಡು ಇನ್ನೊಂದು ಸುತ್ತು ಬಿಗಿದ.

ಕಂಬಳಿಯೊಳಗೆ ವಾಪಸು ಬಂದು ಕೂತಾಗ ಕುರಿಗಳು ಇನ್ನೂ ಎದ್ದಿರಲಿಲ್ಲ. ಸ್ವಲ್ಪ ಹೊತ್ತಿಗೆ ಹಟ್ಟಿಯ ಕಡೆಯಿಂದ ಬೊಬ್ಬೆ ಕೇಳಿಸಿತು. ಎಲ್ಲವೂ ಅವನು ಬರೆದಿಟ್ಟ ಹಾಗೆ: ಗೋಪಾಲ ಹುಣಸೆಮರದ ಕೆಳಗೆ ಹಾರ್ನ್ ಮಾಡಿ, ಕಾದು, ಯಾರೂ ಬರದಿದ್ದಾಗ ಬೇಲಿ ದಾಟಿ ಒಳಗೆ ಹೋಗಿದ್ದ, ಹೆಣವನ್ನು ತೊಡೆಯ ಮೇಲೆ ಹಾಕಿಕೊಂಡು ಅರಚುತ್ತಿದ್ದಾಗ ನೀರಿಗೆ ಹೊರಟಿದ್ದ ಹೆಂಗಸರು ನೋಡಿದ್ದರು. ಅವನ ಆಟೋದ ಹಗ್ಗ ಅವಳ ಕತ್ತಿನಲ್ಲಿತ್ತು. ಹಟ್ಟಿಯ ಗಂಡಸರು ಬೇಲಿಯ ಈಚೆಗೇ ನಿಂತು ಕಲ್ಲು ಬೀರಿದರು. ಬೇಲಿ ದಾಟಿದವನು ಅವನೊಬ್ಬನೇ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ.

ಅಂದು ಹೊತ್ತು ಮುಳುಗಿದ ಮೇಲೆ ಚಿಕ್ಕರಾಜು ಅಂಗಳದಲ್ಲಿ ನಿಂತು ಮೇಲೆ ನೋಡಿದ. ಮೊದಲ ಚುಕ್ಕಿ ಸ್ಪಷ್ಟವಾಗಿ ಕಂಡಿತು. ಕಣ್ಣು ಹೋಗಿರಲಿಲ್ಲ.

ಸಬ್ ಇನ್‌ಸ್ಪೆಕ್ಟರ್ ಯಶೋಧರಾ ಹೆಚ್ಚು ಮಾತಿನವರಲ್ಲ. ಹೆಣ ಕೊಯ್ದ ಮೇಲೆ ಅವನನ್ನು ಸ್ಟೇಷನ್ನಿಗೆ ಕರೆಸಿ, ಬಾಗಿಲು ಮುಚ್ಚಿಸಿ, ದನಿ ತಗ್ಗಿಸಿ ಹೇಳಿದರು: "ನಿಮ್ಮ ಹೆಂಡತಿ ಮೂರು ತಿಂಗಳ ಗರ್ಭಿಣಿ. ನಿಮಗೆ ಗೊತ್ತಿತ್ತಾ?"

ಅವನು ತಲೆ ಬಗ್ಗಿಸಿದ. ಎಷ್ಟು ಹೊತ್ತು ಬಗ್ಗಿಸಬೇಕೆಂದೂ ಯೋಚಿಸಿಟ್ಟಿದ್ದ. ಆಮೇಲೆ ಪ್ಲಾಸ್ಟಿಕ್ ಕವರ್ ಬಿಚ್ಚಿ ಕಾಗದವನ್ನು ಮೇಜಿನ ಮೇಲಿಟ್ಟ. "ನಮ್ಮವ್ವಂಗೂ ತೋರಿಸಿಲ್ಲ ಮೇಡಂ. ನನ್ ಕೈಲಿ ಮಕ್ಳಾಗಲ್ಲ. ಅದ್ಯಾವುದೋ ಒಂದು ಚೂರು ನಂಗಿಲ್ವಂತೆ. ಅದು ಯಾರ್ದು ಅಂತ ನೀವೇ ನೋಡ್ಕಳ್ಳಿ. ಪರೀಕ್ಷೆ ಮಾಡ್ಸಿ. ನನ್ನ ರಕ್ತಾನೂ ತಗಳ್ಳಿ, ಅವನ್ದೂ ತಗಳ್ಳಿ."

ಹೊರಗೆ ಕಂಬಿಯ ಹಿಂದಿನಿಂದ ಗೋಪಾಲ ಕೂಗುತ್ತಿದ್ದ: "ತುಮಕೂರು ಆಸ್ಪತ್ರೆಗೆ ಕರ್ಕಂಡೋಗ್ತಿದ್ದೆ ಅಷ್ಟೇ ಮೇಡಂ! ಏನಕ್ಕೆ ಅಂತ ಕೇಳ್ಬ್ಯಾಡ, ಆಣೆ ಐತೆ ಅಂದಿದ್ಲು! ಅದಕ್ಕೇ ಕುರಿ ಮಾರ್ಕೊಟ್ಟಿದ್ದು!"

"ಬಸಿರು ಕಳೆಯಾಕೆ ಹೋಗ್ತಿದ್ರೇನೋ" ಎಂದ ಚಿಕ್ಕರಾಜು, ನೆಲ ನೋಡುತ್ತಾ, ಮೆಲ್ಲಗೆ. ಯಶೋಧರಾ ಅವನಿಗೆ ನೀರು ತರಿಸಿ ಕೊಟ್ಟರು.

ಹಟ್ಟಿಯವರು ಅವನನ್ನು ಕಂಡು ಕಣ್ಣೊರೆಸಿಕೊಂಡರು. ಕೆಂಪಕ್ಕ, "ಇನ್ನೊಂದು ಹೆಣ್ಣು ನೋಡಾಣ ಬುಡ್ಲಾ, ಆ ಗೊಡ್ಡು ಇದ್ದೂ ಸತ್ತಂಗೇ ಇತ್ತು" ಎಂದಳು. ಅವನು ಹೂಂಗುಟ್ಟಿದ. ಹೊಸ ಮರಿಗಳು ಹುಟ್ಟುವ ಕಾಲ. ಕತ್ತಿ ಮಸೆದು, ಒಂದೊಂದನ್ನೇ ತೊಡೆಸಂದಿಗೆ ಸಿಕ್ಕಿಸಿಕೊಂಡು, ಎಡಗಿವಿಯಿಂದ ಹುಣಸೆಬೀಜದಷ್ಟನ್ನು ಕೊಯ್ಯುತ್ತ ಕೂತಿದ್ದಾಗ ಸ್ಟೇಷನ್ನಿನಿಂದ ಫೋನು ಬಂತು. ರಿಪೋರ್ಟು ಬಂದಿದೆ, ಬನ್ನಿ. ಕೈ ತೊಳೆದು, ಬಿಳಿ ಅಂಗಿ ಹಾಕಿಕೊಂಡು ಹೋದ. ಕಂಬಿಯ ಹಿಂದೆ ಯಾರೂ ಇರಲಿಲ್ಲ. ಗೋಪಾಲನನ್ನು ಜೈಲಿಗೆ ಸಾಗಿಸಿರಬೇಕು ಎಂದುಕೊಂಡ.

"ಗೋಪಾಲನ್ನ ಬಿಟ್ಟಾಯ್ತು" ಎಂದರು ಯಶೋಧರಾ. ಅವನು ಕೂತ ಮೇಲೆ ಕಾನ್‌ಸ್ಟೇಬಲ್ ಬಾಗಿಲಿಗೆ ಅಡ್ಡ ನಿಂತ. "ಮಗು ಗಂಡು, ಚಿಕ್ಕರಾಜು. ಗೋಪಾಲಂದಲ್ಲ, ನಿಮ್ಮದು. ಲ್ಯಾಬಿನವರಿಗೆ ಅನುಮಾನವೇ ಬರಲಿಲ್ಲವಂತೆ, ಯಾಕಂದ್ರೆ ನಿಮ್ಮಲ್ಲಿ ಯಾವ ಚೂರು ಇಲ್ಲವೋ ಅದೇ ಚೂರು ಅದಕ್ಕೂ ಇರಲಿಲ್ಲ. ಕದರಪ್ಪನ್ನ ಇನ್ನೊಂದ್ಸಲ ಕರೆಸಿ ಕೇಳಿದೆ. ಕಂಬಳಿ ಕಂಡದ್ದು ನಿಜ, ಕೂಗಿದ್ದಕ್ಕೆ ಓಗೊಡಲಿಲ್ಲ, ಮುಖ ಕಾಣಲಿಲ್ಲ ಅಂದ. ಅವಳನ್ನ ಕೊಲ್ಲೋಕೆ ಗೋಪಾಲನಿಗೆ ಕಾರಣವೇ ಇಲ್ಲ. ಕಾರಣ ಇದ್ದದ್ದು ಈ ಕಾಗದ ತಂದುಕೊಟ್ಟವರಿಗೆ." ಆಗೋದಿಲ್ಲ ಮೇಡಂ, ನನ್ನಲ್ಲಿ ಇರಲೇ ಇಲ್ಲ ಎಂದು ಅವನು ಅಂದ, ಅಥವಾ ಅಂದೆ ಎಂದುಕೊಂಡ. ಯಶೋಧರಾ ಎದ್ದು ಅವನ ಅಂಗಿಯ ತೋಳಿನತ್ತ ನೋಡಿದರು. ಮರಿಯ ಕಿವಿಯ ರಕ್ತ ಅಲ್ಲೊಂದು ಹನಿ ಉಳಿದಿತ್ತು. "ಆಸ್ಪತ್ರೆಗೆ ಹೋಗಿ ಬಂದೆ. ಸೂಜಿ ಹಾಕಿದ ದಿನ ಜೀವಾಣು ಸಿಕ್ಕಿದ್ವಂತೆ, ಬರೀ ನಾಲ್ಕು. ತಂಪಲ್ಲಿ ಇಟ್ಟು, ಆಮೇಲೆ ಅವಳ ಅಂಡಕ್ಕೆ ಸೇರಿಸಿ ಗರ್ಭದಲ್ಲಿ ಇಟ್ಟಿದ್ರಂತೆ. ನೀವೇ ಎಲ್ಲದಕ್ಕೂ ಮೊದಲೇ ಸಹಿ ಹಾಕಿದ್ರಿ. ಮೊದಲನೇ ಸಲ ನಿಲ್ಲಲಿಲ್ಲ, ಎರಡನೇ ಸಲ ನಿಂತಿತು. ಮೂರು ತಿಂಗಳು ತುಂಬೋವರೆಗೂ ಯಾರಿಗೂ ಗೊತ್ತಾಗೋದು ಬೇಡ, ಆಮೇಲೆ ಗುಡಿಯಲ್ಲಿ ಆಣೆ ಬಿಡಿಸಿಕೊಂಡು ಅವನಿಗೆ ಹೇಳ್ತೀನಿ ಅಂತ ಡಾಕ್ಟರ ಹತ್ರ ಅಂದಿದ್ದಳಂತೆ. ನಾಲ್ಕು ಸಿಕ್ಕಿವೆ ಅಂತ ನಿಮಗೇ ಹೇಳೋಕೆ ಡಾಕ್ಟರ್ ಆವತ್ತು ಹೊರಗೆ ಬಂದಿದ್ರು. ಅಷ್ಟೊತ್ತಿಗೆ ನೀವು ಬಸ್‌ಸ್ಟ್ಯಾಂಡಿನಲ್ಲಿ ಟೀ ಕುಡೀತಿದ್ರಿ."